ಕಣ್ಗಾವಲಿನಲ್ಲಿ ಬದುಕಿದವರ ಬಗ್ಗೆ ಒಂದು ಒಳ್ಳೆ ಸಿನಿಮಾ ಹೇಳಿ, ಅಪ್ಪನ ಜೊತೆ ನೋಡಬೇಕು

ಅಂಚೆಮನೆ (ಸೋಮವಾರ)

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಆರ್‌ಎಂಎಸ್‌ನಲ್ಲಿ, ಅಂದರೆ ರೈಲಿನ ಅಂಚೆ ಸೇವೆಯಲ್ಲಿ, ಸಾರ್ಟರ್ ಆಗಿದ್ದವರು. ಮೂವತ್ತನಾಲ್ಕು ವರ್ಷ ರಾತ್ರಿ ಗಾಡಿಯಲ್ಲಿ ನಿಂತುಕೊಂಡೇ ಕಾಗದ ವಿಂಗಡಿಸಿದ್ದಾರೆ. ಅಮ್ಮ ಹೋದ ಮೇಲೆ ಭಾನುವಾರ ಸಂಜೆ ನಾವಿಬ್ಬರೂ ಕೂತು ಒಂದು ಸಿನಿಮಾ ನೋಡುವುದು ರೂಢಿಯಾಗಿದೆ. ಮೊನ್ನೆ ಪೇಪರಿನಲ್ಲಿ ಬರ್ಲಿನ್ ಗೋಡೆ ಬಗ್ಗೆ ಏನೋ ಓದುತ್ತಾ, ‘ಗೋಡೆ ಹಾರಿದವರ ಕಥೆ ಎಲ್ಲರೂ ಬರೀತಾರೆ, ಹಾರದೆ ಅಲ್ಲೇ ಇದ್ದವರು ದಿನಾ ಹೇಗಿದ್ರೋ’ ಅಂದರು. ಆ ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ.

ಅದಕ್ಕೆ ಕೇಳುತ್ತಿದ್ದೇನೆ. ಕಮ್ಯುನಿಸ್ಟ್ ಸರ್ಕಾರದ ಕಣ್ಗಾವಲಿನಲ್ಲಿ ಜನ ಹೇಗೆ ಬದುಕಿದರು ಅಂತ ತೋರಿಸುವ ಸಿನಿಮಾ ಬೇಕು. ಗುಂಡು, ಕಾರ್ ಚೇಸ್ ಇರುವ ಗೂಢಚಾರ ಕಥೆ ಬೇಡ. ಮನೆಯೊಳಗೆ ಮಾತಾಡುವುದಕ್ಕೂ ಹಿಂದೆ ಮುಂದೆ ನೋಡಬೇಕಾದ ಬದುಕು ಹೇಗಿರುತ್ತದೆ, ಅದು ಕಾಣಬೇಕು. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಸಾಕು. ಅಪ್ಪ ನಿಧಾನವಾಗಿ ಓದುತ್ತಾರೆ, ನಾನು ನಿಲ್ಲಿಸಿ ನಿಲ್ಲಿಸಿ ಹೇಳುತ್ತೇನೆ.

ಹಳೇರೀಲು

ಎರಡು ಮಾತೇ ಇಲ್ಲ, ‘ದಿ ಲೈವ್ಸ್ ಆಫ್ ಅದರ್ಸ್’ ನೋಡಿ. ಜರ್ಮನ್ ಸಿನಿಮಾ, 2006ರದ್ದು. ಫ್ಲೋರಿಯಾನ್ ಹೆಂಕೆಲ್ ಫಾನ್ ಡೊನರ್ಸ್‌ಮಾರ್ಕ್ ಅವರ ಮೊದಲ ಪೂರ್ಣ ಸಿನಿಮಾ. 2007ರಲ್ಲಿ ವಿದೇಶಿ ಭಾಷಾ ವಿಭಾಗದ ಆಸ್ಕರ್ ಬಂತು.

ಕಥೆ 1984ರ ಪೂರ್ವ ಬರ್ಲಿನ್‌ನದು. ವೀಸ್ಲರ್ ಅಂತ ಸ್ಟಾಸಿಯ, ಅಂದರೆ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಗುಪ್ತ ಪೊಲೀಸಿನ, ಕ್ಯಾಪ್ಟನ್. ಡ್ರೈಮನ್ ಅನ್ನುವ ನಾಟಕಕಾರನ ಮನೆಯಲ್ಲಿ ಮೈಕು ಅಡಗಿಸಿ, ಅದೇ ಕಟ್ಟಡದ ಅಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಡ್ರೈಮನ್ ಜೊತೆ ಇರುವ ನಟಿಯ ಮೇಲೆ ಒಬ್ಬ ಮಂತ್ರಿಯ ಕಣ್ಣು ಬಿದ್ದಿರುತ್ತದೆ. ದೇಶದ ಭದ್ರತೆ ಅಂತ ಶುರುವಾದ ಕೆಲಸದ ಹಿಂದೆ ಇರುವುದು ಅದು. ವೀಸ್ಲರ್‌ಗೆ ಅದು ಗೊತ್ತಾಗುವಲ್ಲಿಂದ ಕಥೆ ತಿರುಗುತ್ತದೆ. ಮುಂದಕ್ಕೆ ಹೇಳುವುದಿಲ್ಲ.

ಒಂದು ದೃಶ್ಯ ಮಾತ್ರ ಹೇಳಿಬಿಡುತ್ತೇನೆ. ಮೈಕು ಅಡಗಿಸುವಾಗ ಎದುರು ಮನೆಯ ಹೆಂಗಸು ಬಾಗಿಲ ಕಿಂಡಿಯಿಂದ ನೋಡಿರುತ್ತಾಳೆ. ವೀಸ್ಲರ್ ಹೋಗಿ ಬೆಲ್ ಒತ್ತುತ್ತಾನೆ. ಕೂಗುವುದಿಲ್ಲ, ಕೈ ಎತ್ತುವುದಿಲ್ಲ. ಒಂದು ಮಾತು ಹೊರಗೆ ಹೋದರೂ ನಿಮ್ಮ ಮಗಳ ಮೆಡಿಕಲ್ ಸೀಟು ಹೋಗುತ್ತದೆ ಅನ್ನುತ್ತಾನೆ, ಅಷ್ಟೇ. ಆಮೇಲೆ, ಸಹಕಾರ ಕೊಟ್ಟಿದ್ದಕ್ಕೆ ಇವರಿಗೊಂದು ಉಡುಗೊರೆ ಕಳಿಸಿ ಅಂತ ಜೊತೆಯವನಿಗೆ ಹೇಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಅರಿಯದ ಡ್ರೈಮನ್ ಅದೇ ಹೆಂಗಸನ್ನು ಮನೆಗೆ ಕರೆದು, ನನಗೆ ಟೈ ಕಟ್ಟಲು ಬರುವುದಿಲ್ಲ, ಕಟ್ಟಿಕೊಡಿ ಅನ್ನುತ್ತಾನೆ. ಗುಟ್ಟು ಕಾಪಾಡುತ್ತೀರಾ ಅಂತಲೂ ಕೇಳುತ್ತಾನೆ. ಅವನು ಹೇಳುವುದು ಟೈ ಬಗ್ಗೆ. ಅವಳಿಗೆ ಕೇಳಿಸುವುದು ಬೇರೆ. ಆಗ ಅವಳ ಮುಖ ನೋಡಿ. ನಿಮ್ಮಪ್ಪ ಕೇಳಿದ ಪ್ರಶ್ನೆಗೆ ಉತ್ತರ ಆ ಮುಖದಲ್ಲಿದೆ.

ವೀಸ್ಲರ್ ಆಗಿ ನಟಿಸಿದ ಉಲ್ರಿಶ್ ಮ್ಯೂಹೆ ಸ್ವತಃ ಪೂರ್ವ ಜರ್ಮನಿಯವರು. ಹುಡುಗನಾಗಿದ್ದಾಗ ಕಡ್ಡಾಯ ಸೇನೆಯಲ್ಲಿ ಬರ್ಲಿನ್ ಗೋಡೆ ಕಾದವರು. ಆಮೇಲೆ, 1989ರ ನವೆಂಬರ್ 4ರಂದು, ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಸೇರಿದ ದೊಡ್ಡ ಪ್ರತಿಭಟನೆಯ ವೇದಿಕೆ ಹತ್ತಿ ಮಾತಾಡಿದವರು. ಈ ಪಾತ್ರಕ್ಕೆ ಹೇಗೆ ತಯಾರಿ ಮಾಡಿಕೊಂಡಿರಿ ಅಂತ ಕೇಳಿದಾಗ, ನೆನಪು ಮಾಡಿಕೊಂಡೆ ಅಂದರಂತೆ. ಆಸ್ಕರ್ ಬಂದು ಕೆಲವೇ ತಿಂಗಳಿಗೆ, 2007ರ ಜುಲೈನಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾನು ಈ ಸಿನಿಮಾ ನಾಲ್ಕು ಸಲ ನೋಡಿದ್ದೇನೆ. ಪ್ರತಿ ಸಲ ಕೊನೆಯ ಐದು ನಿಮಿಷಕ್ಕೆ ಗಂಟಲು ಕಟ್ಟುತ್ತದೆ.

ಸಂಜೆಮಲ್ಲಿಗೆ

ಒಳ್ಳೆ ಸಿನಿಮಾ. ಆದರೆ ಅಪ್ಪನ ಜೊತೆ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ: ಮುಜುಗರ ಆಗುವ ಎರಡು ಮೂರು ದೃಶ್ಯ ಇವೆ. ಮಂತ್ರಿ ಕಾರಿನಲ್ಲಿ ಆ ನಟಿಯ ಮೇಲೆ ಕೈ ಹಾಕುವುದನ್ನು ನೋಡಲು ಕಷ್ಟವಾಗುತ್ತದೆ. ಆತ್ಮಹತ್ಯೆಯ ವಿಷಯವೂ ಬರುತ್ತದೆ. ಮನಸ್ಸು ತಯಾರಿ ಇರಲಿ. 137 ನಿಮಿಷ ಇದೆ, ಸ್ವಲ್ಪ ಬೇಗ ಶುರು ಮಾಡಿ.

ಅಂಚೆಮನೆ

ಹೇಳಿದ್ದು ಒಳ್ಳೆಯದಾಯಿತು ಮೇಡಂ. ಅಂಥ ಕಡೆ ಅಪ್ಪನೇ ಎದ್ದು ಅಡುಗೆ ಮನೆಗೆ ಹೋಗಿ ನೀರು ಕುಡಿದು ಬರುತ್ತಾರೆ. ನಮ್ಮನೆಯಲ್ಲಿ ಅದು ಹಾಗೇ ನಡೆಯುತ್ತದೆ.

ಸ್ಪ್ರೇತೀರ

ನಾನು ಬರ್ಲಿನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿಯವರು ‘ಷ್ಟಾಸಿ’ ಅನ್ನುತ್ತಾರೆ, ನಾವು ಸ್ಟಾಸಿ ಅಂತಲೇ ಇಟ್ಟುಕೊಳ್ಳೋಣ. ಈ ಸಿನಿಮಾ ನೋಡಿ, ಖಂಡಿತ ನೋಡಿ. ಆದರೆ ಒಂದು ವಿಷಯ ತಿಳಿದುಕೊಂಡು ನೋಡಿ.

ಹೋಹೆನ್‌ಶೋನ್‌ಹೌಸೆನ್ ಅಂತ ಇಲ್ಲಿ ಸ್ಟಾಸಿಯ ವಿಚಾರಣಾ ಜೈಲು ಇತ್ತು. ಈಗ ಅದು ಸ್ಮಾರಕ. ಆಗಿನ ಕಾಲದ ನಗರದ ನಕ್ಷೆಯಲ್ಲಿ ಆ ಜಾಗವೇ ಇರಲಿಲ್ಲ. ಹಿಡಿದವರನ್ನು ಕಿಟಕಿ ಇಲ್ಲದ ವ್ಯಾನಿನಲ್ಲಿ ಊರೆಲ್ಲ ಸುತ್ತಿಸಿ ತರುತ್ತಿದ್ದರು. ತಾವು ಎಲ್ಲಿದ್ದೇವೆ ಅಂತ ಗೊತ್ತಾಗಬಾರದು, ಅದಕ್ಕೆ. ವ್ಯಾನಿನ ಹೊರಗೆ ಮೀನು, ಬ್ರೆಡ್ಡು ಮಾರುವವರ ಗಾಡಿಯ ಹಾಗೆ ಬರೆಸಿರುತ್ತಿದ್ದರು. ನನಗೆ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಒಂದು ಉದ್ದನೆಯ ಓಣಿ. ಗೋಡೆಗೆ ಕೆಂಪು, ಹಸಿರು ದೀಪ. ಒಬ್ಬ ಕೈದಿಯನ್ನು ಕರೆದುಕೊಂಡು ಹೋಗುವಾಗ ಕೆಂಪು ದೀಪ ಹಾಕಿ ಉಳಿದ ಓಡಾಟವನ್ನೆಲ್ಲ ನಿಲ್ಲಿಸುತ್ತಿದ್ದರು. ಒಬ್ಬ ಕೈದಿ ಇನ್ನೊಬ್ಬ ಕೈದಿಯ ಮುಖ ನೋಡಬಾರದು. ತಿಂಗಳುಗಟ್ಟಲೆ ಕಾಣುವ ಮುಖ ವಿಚಾರಣೆ ಮಾಡುವವನದು ಮಾತ್ರ. ನಮಗೆ ಆ ದೀಪ ಹಾಕಿ ತೋರಿಸಿದ ಗೈಡ್ ಹಿಂದೆ ಅಲ್ಲೇ ಕೈದಿಯಾಗಿದ್ದವರು. ಅಲ್ಲಿ ಹಾಗೆ ಹಳೆಯ ಕೈದಿಗಳು ಗೈಡ್ ಆಗಿ ಕೆಲಸ ಮಾಡುತ್ತಾರೆ. ‘ಹಸಿರಾಗುವವರೆಗೆ ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು’ ಅಂತ ಹೇಳಿ, ಹೇಗೆ ನಿಲ್ಲುತ್ತಿದ್ದರೋ ಹಾಗೇ ನಿಂತು ತೋರಿಸಿದರು.

ಈ ಸಿನಿಮಾ ತಂಡ ಅಲ್ಲಿ ಚಿತ್ರೀಕರಣಕ್ಕೆ ಕೇಳಿದಾಗ ಸ್ಮಾರಕದ ಆಗಿನ ನಿರ್ದೇಶಕ ಹೂಬೆರ್ಟುಸ್ ಕ್ನಾಬೆ ಒಪ್ಪಲಿಲ್ಲ. ಕಾರಣ, ಸ್ಟಾಸಿ ಅಧಿಕಾರಿಯೇ ಕಥಾನಾಯಕ. ಹೀಗೆ ತಾನು ಕಣ್ಣಿಟ್ಟಿರುವವನನ್ನೇ ಕಾಪಾಡಿದ ಅಧಿಕಾರಿ ಒಬ್ಬನೂ ಇರಲಿಲ್ಲ ಅನ್ನುವುದು ಅವರ ವಾದ. ಇಷ್ಟು ವರ್ಷ ಕಡತ ಜಾಲಾಡಿದರೂ ಅಂಥವನು ಸಿಕ್ಕಿಲ್ಲ.

ಹಾಗೆ ಇರುವುದು ಸಾಧ್ಯವೂ ಇರಲಿಲ್ಲ. ಸ್ಟಾಸಿಯೊಳಗೆ ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಾಗದ ಹಾಗೆ ಹಂಚಿರುತ್ತಿತ್ತು. ಕೇಳುವವನ ಮೇಲೂ ಕೇಳುವವನು ಇರುತ್ತಿದ್ದ. ವೆರ್ನರ್ ಟೆಸ್ಕೆ ಅಂತ ಒಬ್ಬ ಸ್ಟಾಸಿ ಅಧಿಕಾರಿ ಇದ್ದರು, ಇವರೂ ಕ್ಯಾಪ್ಟನ್. ಕಡತ ಮನೆಗೆ ತಂದಿಟ್ಟುಕೊಂಡು ಪಶ್ಚಿಮಕ್ಕೆ ಓಡಿಹೋಗಲು ಯೋಚನೆ ಮಾಡಿದ್ದರು. ಓಡಿಹೋಗಿರಲಿಲ್ಲ, ಯೋಚಿಸಿದ್ದರು ಅಷ್ಟೇ. 1981ರ ಜೂನ್‌ನಲ್ಲಿ ಲೈಪ್‌ಜಿಗ್ ಜೈಲಿನಲ್ಲಿ ತಲೆಯ ಹಿಂದಿನಿಂದ ಗುಂಡು ಹಾರಿಸಿ ಕೊಂದರು. ಆ ದೇಶದಲ್ಲಿ ಜಾರಿಯಾದ ಕೊನೆಯ ಮರಣದಂಡನೆ ಅದು. ಸಿನಿಮಾದ ಕಥೆ ನಡೆಯುವುದು ಅದಾಗಿ ಬರೀ ಮೂರು ವರ್ಷಕ್ಕೆ.

ಹಳೇರೀಲು

ಸ್ಪ್ರೇತೀರ ಅವರೇ, ಟೆಸ್ಕೆ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಸುಮ್ಮನೆ ಕೂತುಬಿಟ್ಟೆ.

ಆದರೂ ಒಂದು ಮಾತು. ಸಿನಿಮಾ ‘ಇಂಥವನು ಇದ್ದ’ ಅನ್ನುತ್ತಿಲ್ಲ. ‘ಹೀಗೆ ಯಾರಾದರೂ ಒಬ್ಬ ಇದ್ದಿದ್ದರೆ’ ಅನ್ನುತ್ತಿದೆ. ಮೊದಲ ದೃಶ್ಯದಲ್ಲಿ ಈ ವೀಸ್ಲರ್‌ನೇ ಒಬ್ಬನನ್ನು ನಿದ್ದೆ ಮಾಡಲು ಬಿಡದೆ ಕೂರಿಸಿ ಬಾಯಿ ಬಿಡಿಸುತ್ತಾನೆ. ಅದನ್ನೇ ಟೇಪಿನಲ್ಲಿ ಹಾಕಿ ಪಾಠ ಮಾಡುತ್ತಾನೆ. ‘ಇದು ಅಮಾನುಷ ಅಲ್ವಾ’ ಅಂತ ಒಬ್ಬ ವಿದ್ಯಾರ್ಥಿ ಕೇಳಿದರೆ, ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ಒಂದು ಗುರುತು ಹಾಕಿಕೊಳ್ಳುತ್ತಾನೆ. ಆ ಕುರ್ಚಿಯ ಬಟ್ಟೆಯನ್ನು ಬಾಟಲಿಗೆ ಹಾಕಿ ಮುಚ್ಚಿಡುತ್ತಾನೆ, ಮುಂದೆ ನಾಯಿಗೆ ವಾಸನೆ ಹಿಡಿಸಲು. ಇಂಥವನು ಬದಲಾಗಲು ಆಗುತ್ತದಾ ಅನ್ನುವುದೇ ಸಿನಿಮಾದ ಪ್ರಶ್ನೆ.

ಸ್ಪ್ರೇತೀರ

ಆ ಬಾಟಲಿಗಳು ನಿಜ ಸರ್. ನೊರ್ಮಾನೆನ್ ಬೀದಿಯಲ್ಲಿ ಸ್ಟಾಸಿಯ ಕೇಂದ್ರ ಕಚೇರಿ ಈಗ ಮ್ಯೂಸಿಯಂ ಆಗಿದೆ. ಅಲ್ಲಿ ನೋಡಿದ್ದೇನೆ. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯಂಥ ಗಾಜಿನ ಜಾಡಿ, ಒಳಗೆ ಮಡಿಸಿದ ಹಳದಿ ಬಟ್ಟೆ. ಗಿಡಕ್ಕೆ ನೀರು ಹಾಕುವ ಕ್ಯಾನಿನೊಳಗೆ ಕ್ಯಾಮೆರಾ, ಹಕ್ಕಿ ಗೂಡಿನೊಳಗೆ ಕ್ಯಾಮೆರಾ. ಸಿನಿಮಾದವರೂ ಸ್ಟಾಸಿ ಬಳಸಿದ ನಿಜವಾದ ಉಪಕರಣಗಳನ್ನೇ ತಂದು ಚಿತ್ರೀಕರಿಸಿದ್ದು. ಆ ವಿಷಯದಲ್ಲಿ ಸುಳ್ಳಿಲ್ಲ.

ನನ್ನ ಸಂಕಟ ಬೇರೆ. ಸಿನಿಮಾ ನೋಡಿ ಬಂದವರು ವೀಸ್ಲರ್‌ಗಾಗಿ ಅಳುತ್ತಾರೆ. ನಾನೂ ಅತ್ತಿದ್ದೇನೆ. ಆದರೆ ಅಳಬೇಕಾದದ್ದು ಬೇರೆಯವರಿಗಾಗಿ. 1989ರಲ್ಲಿ ಸ್ಟಾಸಿಗೆ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು. ದೇಶದ ಜನಸಂಖ್ಯೆ ಸುಮಾರು 1 ಕೋಟಿ 64 ಲಕ್ಷ. ಅಂದರೆ 180 ಜನಕ್ಕೆ ಒಬ್ಬ. ಅದರ ಮೇಲೆ ಸುಮಾರು 1,89,000 ಮಾಹಿತಿದಾರರು. ಇವರು ಯೂನಿಫಾರ್ಮ್ ಹಾಕಿದವರಲ್ಲ. ಜೊತೆಗೆ ಕೆಲಸ ಮಾಡುವವರು, ಗೆಳೆಯರು, ಚರ್ಚಿಗೆ ಬರುವವರು. ವೆರಾ ವೊಲೆನ್‌ಬರ್ಗರ್ ಅನ್ನುವ ಹೋರಾಟಗಾರ್ತಿ, ಗೋಡೆ ಬಿದ್ದ ಮೇಲೆ ಕಡತ ನೋಡಿದಾಗ ತನ್ನ ಬಗ್ಗೆ ವರದಿ ಕೊಡುತ್ತಿದ್ದ ‘ಡೊನಾಲ್ಡ್’ ಯಾರು ಅಂತ ಗೊತ್ತಾಯಿತು. ಅವರ ಗಂಡ. ಮಕ್ಕಳ ತಂದೆ.

ಕೊಲ್ಲದೆ, ಜೈಲಿಗೂ ಹಾಕದೆ ಮನುಷ್ಯನನ್ನು ಮುರಿಯುವುದಕ್ಕೆ ಅವರ ಹತ್ತಿರ ಲಿಖಿತ ನಿಯಮವೇ ಇತ್ತು, 1976ರದ್ದು. ‘ತ್ಸೆರ್‌ಜೆಟ್ಸುಂಗ್’ ಅನ್ನುತ್ತಿದ್ದರು. ಒಳಗಿಂದಲೇ ಕೊಳೆಯುವ ಹಾಗೆ ಮಾಡುವುದು ಅಂತ ಇಟ್ಟುಕೊಳ್ಳಿ. ಸುಳ್ಳು ಗಾಳಿಮಾತು ಹಬ್ಬಿಸುವುದು, ಸಂಸಾರದಲ್ಲಿ ಅನುಮಾನ ಬಿತ್ತುವುದು, ಕೆಲಸದಲ್ಲಿ ಏನೇ ಮಾಡಿದರೂ ಕೈಗೂಡದ ಹಾಗೆ ನೋಡಿಕೊಳ್ಳುವುದು. ಆ ಮನುಷ್ಯನಿಗೆ ಕೊನೆಗೆ ತನ್ನ ಮೇಲೆಯೇ ನಂಬಿಕೆ ಹೋಗಬೇಕು. ಇದರ ಬಗ್ಗೆ ಒಂದು ಸಿನಿಮಾ ಬಂದರೆ ಅದರಲ್ಲಿ ಒಳ್ಳೆಯ ಅಧಿಕಾರಿಗೆ ಜಾಗ ಇರುವುದಿಲ್ಲ.

ಗುಬ್ಬಿಗೂಡು

ನಮ್ಮಲ್ಲೂ ಆಗಿದೆಯಲ್ಲ? 1988ರಲ್ಲಿ ಫೋನ್ ಕದ್ದಾಲಿಕೆ ವಿಚಾರಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕಮ್ಯುನಿಸ್ಟರೇ ಆಗಬೇಕು ಅಂತ ಏನಿಲ್ಲ.

ಸ್ಪ್ರೇತೀರ

ನಿಜ. ಆದರೆ ನೀವೇ ಹೇಳಿದ್ದರಲ್ಲಿ ವ್ಯತ್ಯಾಸವೂ ಇದೆ ನೋಡಿ. ಅಲ್ಲಿ ವಿಷಯ ಹೊರಗೆ ಬಂತು, ಪತ್ರಿಕೆಯಲ್ಲಿ ಬಂತು, ಕುರ್ಚಿ ಹೋಯಿತು. ಇಲ್ಲಿ ಏರಿಶ್ ಮೀಲ್ಕೆ 1957ರಿಂದ 1989ರವರೆಗೆ ಸ್ಟಾಸಿಯ ಮಂತ್ರಿಯಾಗಿ ಕೂತಿದ್ದರು. ಕೇಳುವ ಪತ್ರಿಕೆಯೇ ಇರಲಿಲ್ಲ.

ತುಂಗೆಯದಂಡೆ

ಇಲ್ಲಿ ಯಾರೂ ಹೇಳದ ಒಂದು ಸಿನಿಮಾ ನಾನು ಹೇಳುತ್ತೇನೆ. ಹೆಸರು ‘ಉಖೊ’. ಚೆಕ್ ಭಾಷೆಯಲ್ಲಿ ಕಿವಿ ಅಂತ ಅರ್ಥ. ಇಂಗ್ಲಿಷಿನಲ್ಲಿ ‘ದಿ ಇಯರ್’ ಅಂತ ಹುಡುಕಿ. ಕಪ್ಪು ಬಿಳುಪು, ಒಂದೂವರೆ ಗಂಟೆ.

ಒಬ್ಬ ಉಪಮಂತ್ರಿ ಮತ್ತು ಅವನ ಹೆಂಡತಿ ಸರ್ಕಾರಿ ಪಾರ್ಟಿ ಮುಗಿಸಿ ರಾತ್ರಿ ಮನೆಗೆ ಬರುತ್ತಾರೆ. ಬೀಗದ ಕೈ ಸಿಗುವುದಿಲ್ಲ. ನೋಡಿದರೆ ಗೇಟು ತೆರೆದೇ ಇದೆ. ಒಳಗೆ ಕರೆಂಟಿಲ್ಲ, ಫೋನ್ ಸತ್ತಿದೆ. ಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಿದೆ. ಪಾರ್ಟಿಯಲ್ಲಿ ಅವನ ಮೇಲಿನ ಮಂತ್ರಿ ಕಾಣಲಿಲ್ಲ, ಹಿಡಿದಿದ್ದಾರೆ ಅಂತ ಸುದ್ದಿ. ಅಲ್ಲಿಂದ ಬೆಳಗಾಗುವವರೆಗೆ ಗಂಡ ಹೆಂಡತಿ ಇಬ್ಬರೇ, ಮೇಣದಬತ್ತಿ ಬೆಳಕಿನಲ್ಲಿ. ಅವಳು ಕುಡಿದಿದ್ದಾಳೆ. ಅವನು ಪಾರ್ಟಿಯಲ್ಲಿ ಯಾರು ಏನಂದರು, ಯಾರು ನಗಲಿಲ್ಲ ಅಂತ ಒಂದೊಂದೇ ನೆನಪು ಮಾಡಿಕೊಳ್ಳುತ್ತಾ ಕಾಗದಗಳನ್ನು ಟಾಯ್ಲೆಟ್ಟಿನಲ್ಲಿ ಸುಡುತ್ತಾನೆ. ಅವತ್ತು ಅವರ ಮದುವೆಯಾಗಿ ಹತ್ತು ವರ್ಷ. ಅವನಿಗೆ ಅದು ಮರೆತೇ ಹೋಗಿದೆ. ಜಗಳ ಆಡುವಾಗಲೂ ಯಾವ ಕೋಣೆಯಲ್ಲಿ ‘ಕಿವಿ’ ಇಲ್ಲ ಅಂತ ನೋಡಿಕೊಂಡು ಅಲ್ಲಿಗೆ ಹೋಗಿ ಆಡುತ್ತಾರೆ. ಬೈಗುಳಕ್ಕೂ ಜಾಗ ಹುಡುಕಬೇಕು. ಬೆಳಗಿನ ಹೊತ್ತು ಫೋನ್ ಹೊಡೆದುಕೊಳ್ಳುತ್ತದೆ. ಅದರಾಚೆ ಹೇಳುವುದಿಲ್ಲ.

ಇದನ್ನು ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎಲ್ಲ ಮುಗಿದ ಮೇಲೆ ತಿರುಗಿ ನೋಡಿ ಮಾಡಿದ ಸಿನಿಮಾ ಅಲ್ಲ ಇದು. ಆ ಆಡಳಿತದ ಒಳಗಿದ್ದೇ ಮಾಡಿದ್ದು. ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ, ಅಲ್ಲಿನ ಸುಧಾರಣೆ ಹತ್ತಿಕ್ಕಲು, ಸೋವಿಯತ್ ಟ್ಯಾಂಕುಗಳು ಬಂದಿದ್ದು 1968ರ ಆಗಸ್ಟ್‌ನಲ್ಲಿ. ನಿರ್ದೇಶಕ ಕರೆಲ್ ಕಾಖಿನ್ಯಾ ಈ ಸಿನಿಮಾ ಮುಗಿಸಿದ್ದು 1970ರಲ್ಲಿ. ತಕ್ಷಣ ಬೀಗ ಬಿತ್ತು. ಜನ ನೋಡಲು ಸಿಕ್ಕಿದ್ದು ಆ ಸರ್ಕಾರ ಬಿದ್ದ ಮೇಲೆ. ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಗಿದ್ದು 1990ರಲ್ಲಿ, ಇಪ್ಪತ್ತು ವರ್ಷದ ಮೇಲೆ.

ಬರೆದವರು ಯಾನ್ ಪ್ರೊಖಾಸ್ಕಾ. ಮನೆಯಲ್ಲಿ ಮೈಕು ಇಡುವ ಕಥೆ ಬರೆದ ಈ ಮನುಷ್ಯನ ಖಾಸಗಿ ಮಾತುಕತೆಯನ್ನೇ ಕದ್ದು ರೆಕಾರ್ಡ್ ಮಾಡಿ, ಬೇಕಾದ ಹಾಗೆ ಕತ್ತರಿಸಿ ಜೋಡಿಸಿ, 1970ರಲ್ಲಿ ದೇಶದ ಟಿವಿಯಲ್ಲಿ ಹಾಕಿದರು. ಮರುವರ್ಷವೇ ತೀರಿಕೊಂಡರು. ಸಿನಿಮಾ ತೆರೆಗೆ ಬಂದಿದ್ದನ್ನು ಅವರು ನೋಡಲಿಲ್ಲ.

ಸಂಜೆಮಲ್ಲಿಗೆ

ಅಯ್ಯೋ, ಇದನ್ನು ನಾನು ಕೇಳಿಯೇ ಇರಲಿಲ್ಲ. ಇವತ್ತೇ ಹುಡುಕುತ್ತೇನೆ.

ನನ್ನ ಕಡೆಯಿಂದ ‘ಬಾರ್ಬರಾ’, 2012ರದ್ದು, ಕ್ರಿಸ್ಟಿಯಾನ್ ಪೆಟ್ಸೋಲ್ಡ್ ನಿರ್ದೇಶನ. ದೇಶ ಬಿಡಲು ಅರ್ಜಿ ಹಾಕಿದ ತಪ್ಪಿಗೆ ಬರ್ಲಿನ್‌ನಿಂದ ಹಳ್ಳಿ ಕಡೆಯ ಆಸ್ಪತ್ರೆಗೆ ಎತ್ತಂಗಡಿಯಾದ ಡಾಕ್ಟರ ಕಥೆ, 1980ರ ಕಾಲದ್ದು. ಮೈಕು, ಹೆಡ್‌ಫೋನ್ ಯಾವುದೂ ಇಲ್ಲ. ಮನೆ ಎದುರು ಒಂದು ಕಾರು ನಿಂತಿರುತ್ತದೆ. ಜೊತೆಗೆ ಕೆಲಸ ಮಾಡುವ ಡಾಕ್ಟರು ಒಳ್ಳೆಯ ಮಾತಾಡಿದರೆ ಅದೂ ವರದಿಗೆ ಹೋಗುತ್ತದೇನೋ ಅಂತ ಅವಳಿಗೆ ಅನುಮಾನ. ಆ ಡಾಕ್ಟರಾಗಿ ನಟಿಸಿದ ನೀನಾ ಹೋಸ್ ಬಿಗಿ ಮುಖ ಸಡಿಲ ಬಿಡುವುದೇ ಅಪರೂಪ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೂ ಹೆದರಬೇಕಾದ ಸ್ಥಿತಿ ಎಷ್ಟು ಸುಸ್ತು ಅಂತ ನನಗೆ ಅರ್ಥವಾಗಿದ್ದು ಇದರಲ್ಲಿ.

ಸ್ಪ್ರೇತೀರ

‘ಬಾರ್ಬರಾ’ಗೆ ನನ್ನದೂ ಒಂದು ವೋಟು. ‘ಗುಂಡರ್‌ಮಾನ್’ ಕೂಡ ಸೇರಿಸಿ, 2018ರದ್ದು. ಕಲ್ಲಿದ್ದಲು ಗಣಿಯಲ್ಲಿ ಯಂತ್ರ ಓಡಿಸುತ್ತಾ ಹಾಡು ಕಟ್ಟಿ ಹಾಡುತ್ತಿದ್ದ ನಿಜವಾದ ಗಾಯಕನ ಕಥೆ. ಜನ ಪ್ರಾಣ ಬಿಡುತ್ತಿದ್ದರು ಅವರ ಹಾಡಿಗೆ. ಅವರೂ ಮಾಹಿತಿದಾರರಾಗಿದ್ದರು ಅಂತ ಆಮೇಲೆ ಬಯಲಾಯಿತು. ನಿರ್ದೇಶಕ ಆಂಡ್ರಿಯಾಸ್ ಡ್ರೆಸೆನ್ ಪೂರ್ವದಲ್ಲೇ ಬೆಳೆದವರು. ಯಾರನ್ನೂ ದೇವರು ಮಾಡಿಲ್ಲ, ರಾಕ್ಷಸನನ್ನೂ ಮಾಡಿಲ್ಲ. ಆದರೆ ಮೊದಲನೆಯದಾಗಿ ಬೇಡ. ಹಿನ್ನೆಲೆ ಗೊತ್ತಿದ್ದರೆ ಚೆನ್ನ.

ಅಂಚೆಮನೆ (ಮುಂದಿನ ಭಾನುವಾರ, ರಾತ್ರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ‘ದಿ ಲೈವ್ಸ್ ಆಫ್ ಅದರ್ಸ್’ ನೋಡಿದೆವು. ಸ್ಪ್ರೇತೀರ ಅವರು ಹೇಳಿದ್ದನ್ನು ಮೊದಲೇ ಅಪ್ಪನಿಗೆ ಓದಿ ಹೇಳಿದ್ದೆ. ಟೆಸ್ಕೆ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಟೈ ಕಟ್ಟುವ ದೃಶ್ಯದಲ್ಲಿ ‘ಪಾಪ, ಆಯಮ್ಮ’ ಅಂದರು. ಉಳಿದಂತೆ ಮಾತಿಲ್ಲ. ಆದರೆ ಕೊನೆ ಕೊನೆಗೆ, ನೆಲಮಾಳಿಗೆಯಲ್ಲಿ ಸಾಲಾಗಿ ಕೂತು ಆವಿಗೆ ಹಿಡಿದು ಕಾಗದ ಒಡೆಯುವ ದೃಶ್ಯ ಬರುತ್ತದಲ್ಲ, ಅಲ್ಲಿ ‘ನಿಲ್ಲಿಸು’ ಅಂದರು. ನಿಲ್ಲಿಸಿದೆ. ಎದ್ದು ಟಿವಿ ಹತ್ತಿರ ಹೋಗಿ ನಿಂತು ನೋಡಿದರು. ಕೈ ಹಿಂದೆ ಕಟ್ಟಿಕೊಂಡು, ಹತ್ತಿರ ಬಗ್ಗಿ. ‘ಇಷ್ಟು ಜನ ಕೂತಿದಾರೆ, ಇದೇ ಕೆಲಸಕ್ಕೆ’ ಅಂದರು.

ಆಮೇಲೆ ಅರ್ಧ ಗಂಟೆ ಸಿನಿಮಾ ಹಾಗೇ ನಿಂತಿತ್ತು. ಅಪ್ಪ ಗಾಡಿಯ ಕಥೆ ಹೇಳಿದರು. ಗೂಡಿಗೆ ಹಾಕುವಾಗ ವಿಳಾಸದ ಕೊನೆ ಸಾಲು ಮಾತ್ರ ಓದಬೇಕಂತೆ. ‘ಹೆಸರು ಓದೋಕೆ ಹೊತ್ತೂ ಇರ್ಲಿಲ್ಲ, ಹಕ್ಕೂ ಇರ್ಲಿಲ್ಲ.’ ಹರಿದ ಕವರ್ ಬಂದರೆ ಅಂಟಿಸಿ, ಹರಿದೇ ಬಂತು ಅಂತ ಅದರ ಮೇಲೆ ಬರೆದು ಸಹಿ ಹಾಕಿ ಮುಂದಕ್ಕೆ ಕಳಿಸುತ್ತಿದ್ದರಂತೆ. ಮಳೆಗಾಲದಲ್ಲಿ ಗೋಂದು ಬಿಟ್ಟುಕೊಂಡು ಕವರ್ ತಾನಾಗೇ ಬಾಯಿ ತೆರೆಯುತ್ತಿತ್ತಂತೆ. ಒಂದು ಸಲ ಹೊಸದಾಗಿ ಸೇರಿದ ಹುಡುಗ ಅಂಥದ್ದರೊಳಗೆ ಕಣ್ಣು ಹಾಕಿದ್ದಕ್ಕೆ ಹೆಡ್ ಸಾರ್ಟರ್ ಅವತ್ತು ರಾತ್ರಿಯೆಲ್ಲ ಅವನ ಜೊತೆ ಮಾತಾಡಲಿಲ್ಲವಂತೆ. ಸರ್ಕಾರ ಆದೇಶ ಮಾಡಿದರೆ ಕಾಗದ ತಡೆಯಬಹುದು ಅಂತ ನಮ್ಮ 1898ರ ಅಂಚೆ ಕಾನೂನಿನಲ್ಲೂ ಇತ್ತು, 26ನೇ ಸೆಕ್ಷನ್ ಅಂತ ಅವರಿಗೆ ನಂಬರ್ ಸಮೇತ ನೆನಪಿದೆ.

ಹಳೇರೀಲು ಸರ್, ಕೊನೆಯ ಐದು ನಿಮಿಷಕ್ಕೆ ನನಗೂ ಗಂಟಲು ಕಟ್ಟಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಸ್ಪ್ರೇತೀರ ಅವರೇ, ಅಪ್ಪನದು ಒಂದು ಪ್ರಶ್ನೆ ಇದೆ. ಹಾಗೆ ಒಡೆದ ಕಾಗದ ಆಮೇಲೆ ಸೇರಬೇಕಾದವರಿಗೆ ಸೇರುತ್ತಿತ್ತಾ?

ಸ್ಪ್ರೇತೀರ

ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ. ಎಷ್ಟೋ ಕಾಗದ ಸೇರುತ್ತಿದ್ದವು. ಓದಿ, ಬೇಕಾದ್ದರ ನಕಲು ತೆಗೆದುಕೊಂಡು, ಗೊತ್ತಾಗದ ಹಾಗೆ ಮತ್ತೆ ಅಂಟಿಸಿ ಅಂಚೆಗೆ ಸೇರಿಸುತ್ತಿದ್ದರು. ಕೆಲವನ್ನು ಇಟ್ಟುಕೊಂಡುಬಿಡುತ್ತಿದ್ದರು. ಪಶ್ಚಿಮದಲ್ಲಿದ್ದ ನೆಂಟರು ಕವರಿನೊಳಗೆ ಇಟ್ಟ ನೋಟು ಸಿಕ್ಕರೆ ಅದನ್ನೂ ತೆಗೆದುಕೊಳ್ಳುತ್ತಿದ್ದರು. ಈ ಕೆಲಸಕ್ಕೇ ಒಂದು ಇಲಾಖೆ ಇತ್ತು, ‘ಎಂ’ ಅಂತ.

ಇನ್ನೊಂದು ವಿಷಯ, ಅವರಿಗೆ ಹೇಳಲೇಬೇಕು. ಗೋಡೆ ಬಿದ್ದ ಹೊತ್ತಿನಲ್ಲಿ ಸ್ಟಾಸಿಯವರು ಕಡತ ನಾಶ ಮಾಡಲು ಹೊರಟರು. ಯಂತ್ರಗಳು ಕೆಟ್ಟು ನಿಂತವು. ಕೈಯಲ್ಲೇ ಹರಿದು ಚೀಲಕ್ಕೆ ತುಂಬಿದರು. ಅಷ್ಟರಲ್ಲಿ ಜನ ಕಚೇರಿಗಳಿಗೆ ನುಗ್ಗಿದರು, ಎರ್ಫರ್ಟ್‌ನಲ್ಲಿ 1989ರ ಡಿಸೆಂಬರ್ 4ರಂದು, ಬರ್ಲಿನ್‌ನಲ್ಲಿ 1990ರ ಜನವರಿ 15ರಂದು. ಹರಿದ ಚೂರುಗಳ ಸುಮಾರು 16,000 ಚೀಲ ಉಳಿದವು. 1995ರಿಂದ ಅದನ್ನು ಒಂದೊಂದೇ ಚೂರು ಹೊಂದಿಸಿ ಕೈಯಲ್ಲೇ ಅಂಟಿಸುವ ಕೆಲಸ ಶುರುವಾಯಿತು. ಇಷ್ಟು ವರ್ಷಕ್ಕೆ ಕೆಲವು ನೂರು ಚೀಲ ಆಗಿದೆ. ಹರಿಯದೆ ಉಳಿದ ಕಡತಗಳೇ ಸಾಲಾಗಿ ಇಟ್ಟರೆ 111 ಕಿಲೋಮೀಟರ್. ಬೆಂಗಳೂರಿಂದ ಹೊರಟರೆ ಮಂಡ್ಯ ದಾಟುತ್ತದೆ. 1992ರಿಂದ ತಮ್ಮ ತಮ್ಮ ಕಡತ ತಾವೇ ಕೇಳಿ ಓದಬಹುದು. ಜನ ಈಗಲೂ ಅರ್ಜಿ ಹಾಕುತ್ತಾರೆ.

ಅಂಚೆಮನೆ

ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಚೂರು ಅಂಟಿಸುವವರ ವಿಷಯ ಕೇಳಿ, ಕಿಟಕಿ ಪಕ್ಕ ಕೂರಿಸುತ್ತಾರಾ, ಬೆಳಕು ಚೆನ್ನಾಗಿರಬೇಕಲ್ಲ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಅಂಟಿಸಿ ಕಳಿಸೋ ಹೊತ್ತಿಗೆ ಕಾಗದ ತಡವಾಗಿರುತ್ತೆ. ಬೈಸಿಕೊಂಡವನು ಮನೆ ಬಾಗಿಲಿಗೆ ಹೋದ ಪೋಸ್ಟ್‌ಮ್ಯಾನ್’ ಅಂದರು.

ಮುಂದಿನ ಭಾನುವಾರ ‘ಉಖೊ’. ತುಂಗೆಯದಂಡೆ ಅವರೇ, ನೋಡಿ ಬಂದು ಬರೆಯುತ್ತೇನೆ.